ಬೇಡದ ಯೋಚನೆಗಳ ಜೊತೆ ಬದುಕಿದ ಬನ್ಯನ್

ಹಾಸ್ಟೆಲ್ ಟೆರೇಸ್ ಮೇಲೆ ಫ್ರೆಂಡ್ ಜೊತೆ ನಿಂತು ಮಾತಾಡ್ತಿರುವಾಗ, ಇವನನ್ನ ಇಲ್ಲಿಂದ ತಳ್ಳಿಬಿಟ್ರೆ ಅನ್ನೋ ಯೋಚನೆ ಒಂದು ಕ್ಷಣ ಬಂದು ಹೋಗಿದೆಯಾ? ದೇವಸ್ಥಾನದಲ್ಲಿ ಸರಿಯಾಗಿ ಮಂಗಳಾರತಿ ಹೊತ್ತಿಗೇ ಯಾರ ಹತ್ರಾನೂ ಹೇಳಲಾಗದಂಥ ಹೊಲಸು ಮಾತೊಂದು ತಲೆಯೊಳಗೆ ಬಂದಿದೆಯಾ? ಬಂದಿದ್ರೆ ಗಾಬರಿ ಬೇಡ, ಬಹಳ ಜನರಿಗೆ ಬರುತ್ತೆ. ಛೀ ಅಂದ್ಕೊಂಡು ಮರೆತುಬಿಡ್ತಾರೆ. ಆದರೆ ಕೆಲವರಿಗೆ ಅದು ಮರೆಯೋದಿಲ್ಲ. ಇಂಥ ಯೋಚನೆ ಬಂತು ಅಂದ್ರೆ ನಾನೆಂಥ ಕೆಟ್ಟ ಮನುಷ್ಯ ಇರಬೇಕು ಅನ್ನೋ ಪ್ರಶ್ನೆ ಹಿಡಿದುಕೊಂಡು, ಹಗಲು ರಾತ್ರಿ ಅರೆಯೋಕೆ ಶುರುವಾಗುತ್ತೆ.

ನಮ್ಮ ಕ್ಯಾಂಪಸ್‌ನಲ್ಲಿ ಒಸಿಡಿ ಅನ್ನೋ ಪದ ತುಂಬಾ ಅಗ್ಗ. ಡೆಸ್ಕ್ ನೀಟಾಗಿ ಇಟ್ಕೊಂಡವನಿಗೂ ಒಸಿಡಿ, ಕೋಡ್‌ನಲ್ಲಿ ಸ್ಪೇಸ್ ಸರಿ ಇಲ್ಲ ಅಂತ ಗೊಣಗುವವಳಿಗೂ ಒಸಿಡಿ. ಪದೇ ಪದೇ ಕೈ ತೊಳೆಯೋದು, ಬೀಗ ಎಳೆದು ನೋಡೋದು, ಇಷ್ಟೇ ಆ ಕಾಯಿಲೆ ಅಂದ್ಕೊಂಡಿದ್ದೇವೆ. ಹೊರಗಿನವರ ಕಣ್ಣಿಗೆ ಕಾಣದ ಇನ್ನೊಂದು ರೂಪವೂ ಅದಕ್ಕಿದೆ. ಅಲ್ಲಿ ತೊಳೆಯೋದು ಕೈಯನ್ನಲ್ಲ, ಮನಸ್ಸನ್ನು. ಅದು ಹೇಗಿರುತ್ತೆ ಅಂತ ಬಹಳ ವಿವರವಾಗಿ ಬರೆದಿಟ್ಟವರಲ್ಲಿ ಒಬ್ಬ ಡಾಕ್ಟರೂ ಅಲ್ಲ, ಪ್ರೊಫೆಸರೂ ಅಲ್ಲ. 17ನೇ ಶತಮಾನದ ಇಂಗ್ಲೆಂಡಿನಲ್ಲಿ ತೂತು ಬಿದ್ದ ಪಾತ್ರೆಗಳಿಗೆ ಬೆಸುಗೆ ಹಾಕಿಕೊಂಡಿದ್ದವನು. ಹೆಸರು ಜಾನ್ ಬನ್ಯನ್.

ಪಿಲ್‌ಗ್ರಿಮ್ಸ್ ಪ್ರೋಗ್ರೆಸ್ ಅನ್ನೋ ಪುಸ್ತಕದ ಹೆಸರು ನೀವು ಕೇಳಿರಬಹುದು. ಅದನ್ನು ಬರೆದವನು ಇವನೇ. ಆ ಪುಸ್ತಕ 19ನೇ ಶತಮಾನದಲ್ಲೇ ಮಿಷನರಿಗಳ ಮೂಲಕ ಯಾತ್ರಿಕನ ಸಂಚಾರ ಎಂಬ ಹೆಸರಿನಲ್ಲಿ ಕನ್ನಡಕ್ಕೂ ಬಂತು. ಆದರೆ ಇವತ್ತು ಹೇಳಬೇಕಾಗಿರೋದು ಆ ಪುಸ್ತಕದ ಕಥೆಗಿಂತ ಹೆಚ್ಚಾಗಿ, ಅದನ್ನು ಬರೆಯುವ ಮೊದಲು ಈ ಮನುಷ್ಯ ತನ್ನ ತಲೆಯೊಳಗೇ ಅನುಭವಿಸಿದ್ದರ ಕಥೆ.

ಕಲಾಯಿಗಾರನ ಮಗ

ಬನ್ಯನ್ ಹುಟ್ಟಿದ್ದು 1628ರಲ್ಲಿ, ಬೆಡ್‌ಫರ್ಡ್ ಪಟ್ಟಣದ ಪಕ್ಕದ ಎಲ್‌ಸ್ಟೋ ಎಂಬ ಹಳ್ಳಿಯಲ್ಲಿ. ಅಪ್ಪ ಥಾಮಸ್ ಊರೂರು ತಿರುಗಿ ಪಾತ್ರೆ ರಿಪೇರಿ ಮಾಡುತ್ತಿದ್ದ. ಮಗ ಸ್ವಲ್ಪ ಓದು ಬರಹ ಕಲಿತು, ಅದೇ ಕಸುಬಿಗೆ ಇಳಿದ.

1644 ಅವನ ಪಾಲಿಗೆ ಕೆಟ್ಟ ವರ್ಷ. ಜೂನ್‌ನಲ್ಲಿ ತಾಯಿ ತೀರಿಕೊಂಡಳು. ಮರು ತಿಂಗಳೇ ತಂಗಿ ಹೋದಳು. ಇನ್ನೂ ಬೇಸಿಗೆ ಮುಗಿಯುವ ಮೊದಲೇ ಅಪ್ಪ ಮತ್ತೊಂದು ಮದುವೆಯಾದ. ಆಗ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೀತಿತ್ತು. ಹದಿನಾರರ ಹುಡುಗ ಪಾರ್ಲಿಮೆಂಟ್ ಕಡೆಯ ಸೈನ್ಯ ಸೇರಿ ನ್ಯೂಪೋರ್ಟ್ ಪ್ಯಾಗ್ನೆಲ್‌ನ ಕಾವಲುಪಡೆಗೆ ಹೋದ. ಅಲ್ಲಿ ಒಂದು ಸಲ ಮುತ್ತಿಗೆಗೆ ಇವನು ಹೊರಡಬೇಕಿತ್ತು. ಕೊನೇ ಗಳಿಗೆಯಲ್ಲಿ ಇನ್ನೊಬ್ಬ ಸೈನಿಕ ನಾನು ಹೋಗ್ತೀನಿ ಅಂತ ಇವನ ಜಾಗದಲ್ಲಿ ಹೋದ, ಕಾವಲು ನಿಂತಿದ್ದಾಗ ತಲೆಗೆ ಗುಂಡು ಬಿದ್ದು ಸತ್ತ. ಬನ್ಯನ್ ಅದನ್ನು ಕೊನೆಯವರೆಗೂ ಮರೆಯಲಿಲ್ಲ.

ಯುದ್ಧ ಮುಗಿಸಿ ಊರಿಗೆ ಬಂದು ಮದುವೆಯಾದ. ಹೆಂಡತಿಯ ಹೆಸರು ಎಲ್ಲೂ ದಾಖಲಾಗಿಲ್ಲ. ಇಬ್ಬರೂ ಎಷ್ಟು ಬಡವರು ಅಂದ್ರೆ ಮನೆಯಲ್ಲಿ ಒಂದು ತಟ್ಟೆ ಚಮಚಕ್ಕೂ ಗತಿ ಇರಲಿಲ್ಲ. ಆಕೆ ತವರಿನಿಂದ ತಂದದ್ದು ಎರಡು ಧಾರ್ಮಿಕ ಪುಸ್ತಕಗಳನ್ನು ಮಾತ್ರ. 1650ರಲ್ಲಿ ಮೊದಲ ಮಗು ಮೇರಿ ಹುಟ್ಟಿತು. ಹುಟ್ಟು ಕುರುಡಿ.

ಗಂಟೆ ಬಿದ್ರೆ?

ಆ ಕಾಲದ ಪ್ಯೂರಿಟನ್ ಜನರ ನಂಬಿಕೆ ಬಹಳ ಕಟ್ಟುನಿಟ್ಟು. ಮಾಡಿದ ಪಾಪ ಮಾತ್ರ ಅಲ್ಲ, ಮನಸ್ಸಿನಲ್ಲಿ ಹುಟ್ಟಿದ ಪಾಪಕ್ಕೂ ದೇವರ ಲೆಕ್ಕದಲ್ಲಿ ಜಾಗ ಇದೆ. ಹೃದಯದ ಮೂಲೆ ಮೂಲೆಯನ್ನೂ ದಿನಾ ತಪಾಸಣೆ ಮಾಡಿಕೊಳ್ಳಬೇಕು. ಎಷ್ಟೋ ಜನ ಈ ನಂಬಿಕೆ ಇಟ್ಟುಕೊಂಡೇ ನೆಮ್ಮದಿಯಾಗಿ ಬದುಕಿದರು. ಆದರೆ ಬನ್ಯನ್ ಥರದ ಮನಸ್ಸಿಗೆ ಅದು ಒಣಹುಲ್ಲಿಗೆ ಕಿಡಿ ಬಿದ್ದ ಹಾಗೆ.

ಒಂದು ಭಾನುವಾರ ನಮ್ಮ ಚಿನ್ನಿದಾಂಡಿನಂಥದ್ದೇ ಒಂದು ಆಟ ಆಡ್ತಿದ್ದ. ಒಂದು ಏಟು ಹೊಡೆದು ಎರಡನೇ ಏಟಿಗೆ ಕೈ ಎತ್ತಿದಾಗ, ಪಾಪ ಬಿಟ್ಟು ಸ್ವರ್ಗಕ್ಕೆ ಬರ್ತೀಯೋ ಪಾಪ ಇಟ್ಕೊಂಡು ನರಕಕ್ಕೆ ಹೋಗ್ತೀಯೋ ಅಂತ ಆಕಾಶದಿಂದ ಯಾರೋ ಕೇಳಿದ ಹಾಗಾಯ್ತು. ಕೈಯಲ್ಲಿದ್ದ ಕೋಲು ಅಲ್ಲೇ ಬಿಟ್ಟು ಮೇಲೆ ನೋಡುತ್ತಾ ನಿಂತ.

ಇನ್ನೊಂದು ಘಟನೆ ಇನ್ನೂ ಸ್ಪಷ್ಟ. ಅವನಿಗೆ ಎಲ್‌ಸ್ಟೋ ಚರ್ಚಿನ ಗಂಟೆ ಬಾರಿಸೋದು ಅಂದ್ರೆ ಪ್ರಾಣ. ಆದರೆ ಅದು ಬರೀ ಮೋಜು, ತಪ್ಪು ಅನ್ನಿಸೋಕೆ ಶುರುವಾಗಿ ಬಿಟ್ಟುಬಿಟ್ಟ. ಆಸೆ ಹೋಗಲಿಲ್ಲ. ಬಾರಿಸಲ್ಲ, ನೋಡ್ತೀನಿ ಅಷ್ಟೇ ಅಂತ ಗೋಪುರಕ್ಕೆ ಹೋಗಿ ನಿಲ್ಲೋನು. ಆಗ ಒಂದು ಯೋಚನೆ ಬಂತು: ಗಂಟೆ ಕಳಚಿ ಬಿದ್ರೆ? ಸರಿ, ದಪ್ಪ ತೊಲೆಯ ಕೆಳಗೆ ನಿಂತ. ಗಂಟೆ ಬಿದ್ದು ಗೋಡೆಗೆ ಬಡಿದು ಪುಟಿದು ಬಂದ್ರೆ? ಸರಿ, ಬಾಗಿಲ ಹೊರಗೆ ನಿಂತ. ಈಗ ಬಿದ್ರೂ ಈ ದಪ್ಪ ಗೋಡೆ ಇದೆ ಅಂತ ಸಮಾಧಾನ. ಅಷ್ಟರಲ್ಲಿ, ಗೋಪುರವೇ ಕುಸಿದ್ರೆ? ಅಲ್ಲಿಗೆ ಮುಗೀತು. ಬಾಗಿಲ ಹತ್ರ ನಿಲ್ಲೋಕೂ ಆಗದೆ ಓಡಿಬಿಟ್ಟ.

ಇದರಲ್ಲಿ ಒಂದು ಕ್ರಮ ಕಾಣುತ್ತೆ, ಗಮನಿಸಿ. ಪ್ರತಿ ಸಲ ಭಯಕ್ಕೆ ಒಂದು ಪರಿಹಾರ ಹುಡುಕ್ತಾನೆ. ಪರಿಹಾರ ಸಿಕ್ಕಿದ ಕೂಡಲೇ ಭಯ ಒಂದು ಹೆಜ್ಜೆ ಮುಂದೆ ಹೋಗಿ ನಿಲ್ಲುತ್ತೆ. ನೂರಕ್ಕೆ ನೂರು ಸೇಫ್ ಅನ್ನೋ ಜಾಗ ಅವನಿಗೆ ಸಿಗೋದೇ ಇಲ್ಲ.

ನಂಬಿಕೆ ಇದೆಯೋ ಇಲ್ಲವೋ ಪರೀಕ್ಷೆ ಮಾಡೋಕೂ ಹೀಗೇ ಹೊರಟ. ಎಲ್‌ಸ್ಟೋದಿಂದ ಬೆಡ್‌ಫರ್ಡ್‌ಗೆ ಹೋಗೋ ದಾರಿಯಲ್ಲಿ ಕುದುರೆ ಗೊರಸಿನ ಗುಳಿಗಳಲ್ಲಿ ನೀರು ನಿಂತಿತ್ತು. ಒಣಗು ಅಂತ ಆಜ್ಞೆ ಮಾಡಬೇಕು, ಒಣಗಿದ್ರೆ ತನಗೆ ನಂಬಿಕೆ ಇದೆ ಅಂತ ಅರ್ಥ. ಬಾಯಿ ತೆರೆಯೋ ಹೊತ್ತಿಗೆ, ಒಣಗದೇ ಇದ್ರೆ ತನ್ನ ಗತಿ ಮುಗಿದ ಹಾಗೇ ಅಲ್ವಾ ಅನ್ನಿಸ್ತು. ಪರೀಕ್ಷೆ ಮುಂದಕ್ಕೆ ಹಾಕಿ ನಡೆದುಬಿಟ್ಟ. ರಿಸಲ್ಟ್ ಪೇಜ್ ತೆರೆಯೋಕೆ ಹೆದರಿ ಲ್ಯಾಪ್‌ಟಾಪ್ ಮುಚ್ಚಿಟ್ಟವರಿಗೆ ಇದು ಅರ್ಥವಾಗುತ್ತೆ.

ಬಿರುಗಾಳಿ

ಒಂದು ದಿನ ಬೆಡ್‌ಫರ್ಡ್‌ನ ಬೀದಿಯಲ್ಲಿ ಮೂರು ನಾಲ್ಕು ಜನ ಬಡ ಹೆಂಗಸರು ಬಾಗಿಲ ಬಳಿ ಬಿಸಿಲಿಗೆ ಕೂತು ದೇವರ ಬಗ್ಗೆ ಮಾತಾಡ್ತಿದ್ದರು. ಅವರ ಮಾತಿನಲ್ಲಿದ್ದ ಸಂತೋಷ ಇವನನ್ನು ಸೆಳೆಯಿತು. ಅವರ ಮೂಲಕ ಜಾನ್ ಗಿಫರ್ಡ್ ಎಂಬ ಪಾದ್ರಿಯ ಸಣ್ಣ ಸಭೆಯ ಪರಿಚಯವಾಯ್ತು. ಗಿಫರ್ಡ್ ಹಿಂದೆ ರಾಜನ ಕಡೆಯ ಸೈನ್ಯದಲ್ಲಿ ಮೇಜರ್ ಆಗಿದ್ದವನು.

ಇನ್ನೇನು ದಾರಿ ಸಿಕ್ತು ಅನ್ನೋ ಹೊತ್ತಿಗೇ ಬಿರುಗಾಳಿ ಎದ್ದಿತು. ದೇವರನ್ನೂ ಕ್ರಿಸ್ತನನ್ನೂ ಹೀನಾಯವಾಗಿ ಬೈಯುವ ಮಾತುಗಳು ತಾವಾಗಿಯೇ ತಲೆಯೊಳಗೆ ಸುರಿಯತೊಡಗಿದವು. ಪ್ರಾರ್ಥನೆಗೆ ಕೂತರೆ ಯಾರೋ ಹಿಂದಿನಿಂದ ಬಟ್ಟೆ ಎಳೆದ ಹಾಗಾಗುವುದು. ದೇವರ ಮೇಲೆ ಮನಸ್ಸಿಡೋಕೆ ಹೋದ್ರೆ ಗೂಳಿ, ಪೊದೆ, ಪೊರಕೆ, ಇವುಗಳ ಚಿತ್ರ ಬಂದು, ಇದಕ್ಕೇ ಕೈ ಮುಗಿ ಅಂದ ಹಾಗೆ ಕಾಡುವುದು. ಕ್ಷಮೆಯೇ ಇಲ್ಲದ ಪಾಪ ಒಂದಿದೆ, ಪವಿತ್ರಾತ್ಮದ ವಿರುದ್ಧ ಮಾತಾಡೋದು ಅಂತ ಯಾರಾದ್ರೂ ಹೇಳಿದರೆ ಸಾಕು, ಸರಿಯಾಗಿ ಅದನ್ನೇ ಆಡಿಬಿಡಬೇಕು ಅನ್ನೋ ಒತ್ತಡ ಬಾಯಿಯವರೆಗೂ ಬರೋದು. ಎಷ್ಟೋ ಸಲ ಬಾಯಿ ತೆರೆಯದೇ ಇರಲಿ ಅಂತ ಗದ್ದದ ಕೆಳಗೆ ಕೈ ಒತ್ತಿ ಹಿಡಿಯೋಕೆ ಹೋದ. ತಿಪ್ಪೆಗುಂಡಿಗೆ ತಲೆಕೆಳಗಾಗಿ ಹಾರಿಬಿಟ್ಟರೆ ಬಾಯಾದ್ರೂ ಮುಚ್ಚುತ್ತಲ್ಲ ಅಂತಲೂ ಯೋಚಿಸಿದ. ನಾಯಿಗೂ ಕಪ್ಪೆಗೂ ಇಂಥ ಪಾಪ ಮಾಡುವ ಆತ್ಮ ಇಲ್ಲವಲ್ಲ, ಅವೇ ಪುಣ್ಯವಂತರು ಅಂತ ಹೊಟ್ಟೆಕಿಚ್ಚುಪಟ್ಟ.

ತನ್ನ ಸ್ಥಿತಿಗೆ ಅವನೇ ಒಂದು ಹೋಲಿಕೆ ಕೊಟ್ಟಿದ್ದಾನೆ. ಮಕ್ಕಳ ಕಳ್ಳರು ಮಗುವನ್ನು ಬಟ್ಟೆಯೊಳಗೆ ಮುಚ್ಚಿ ಹೊತ್ತುಕೊಂಡು ಹೋಗುವಾಗ ಮಗು ಒದೆಯುತ್ತೆ, ಕಿರುಚುತ್ತೆ, ಆದರೂ ಹೋಗಲೇಬೇಕಾಗುತ್ತೆ. ತನ್ನದೂ ಹಾಗೇ ಅಂದ. ಒದ್ದಾಡುತ್ತಿರುವ ಮಗುವನ್ನು ಯಾರಾದ್ರೂ ಕಳ್ಳ ಅಂತಾರಾ? ಹೋಲಿಕೆಯಲ್ಲಿ ಅವನಿಗೆ ಇದು ಗೊತ್ತಿತ್ತು. ಆದರೆ ತನ್ನ ಬಗ್ಗೆ ತೀರ್ಪು ಕೊಡುವಾಗ ಮಗುವಿನ ಮೇಲೇ ಕಳ್ಳತನದ ಆರೋಪ ಹೊರಿಸಿದ.

ಸುಮಾರು ಒಂದು ವರ್ಷ ಹೀಗೇ ನಡೆದು ಸ್ವಲ್ಪ ತಣ್ಣಗಾಯ್ತು. ಆಗ ಮುಟ್ಟಿದರೆ ಉದುರುವಷ್ಟು ಹಳೆಯದಾದ ಒಂದು ಪುಸ್ತಕ ಕೈಗೆ ಸಿಕ್ಕಿತು. ಮಾರ್ಟಿನ್ ಲೂಥರ್ ನೂರು ವರ್ಷಗಳ ಹಿಂದೆ ಗಲಾತ್ಯದವರಿಗೆ ಬರೆದ ಪತ್ರಿಕೆಯ ಮೇಲೆ ಬರೆದ ವ್ಯಾಖ್ಯಾನ. ತನ್ನ ಎದೆಯನ್ನೇ ನೋಡಿ ಬರೆದಂತಿದೆಯಲ್ಲ ಅಂತ ಬೆರಗಾದ. ಇಂಥದ್ದು ಬರೋದು ಈ ಪ್ರಪಂಚದಲ್ಲಿ ತನಗೊಬ್ಬನಿಗೇ ಅಂತ ಅಲ್ಲಿಯವರೆಗೆ ನಂಬಿದ್ದ.

ಒಂದು ಬೆಳಗ್ಗೆ

ಬಿಡುವು ಹೆಚ್ಚು ದಿನ ಉಳಿಯಲಿಲ್ಲ. ಈ ಸಲ ಬಂದದ್ದು ಒಂದೇ ಯೋಚನೆ. ಕ್ರಿಸ್ತನನ್ನು ಮಾರಿಬಿಡಬೇಕು ಅನ್ನೋದು. ಯಾರಿಗೆ, ಯಾತಕ್ಕೆ, ಅರ್ಥವೇ ಇಲ್ಲ. ಆದರೂ ಊಟಕ್ಕೆ ಕೂತರೆ ಅದೇ, ಸೌದೆ ಒಡೆದರೆ ಅದೇ, ಕೆಳಗೆ ಬಿದ್ದ ಸೂಜಿ ತೆಗೆಯೋಕೆ ಬಗ್ಗಿದರೂ ಅದೇ. ಒಂದೇ ಉಸಿರಿಗೆ ನೂರು ಸಲ. ಪ್ರತಿ ಸಲವೂ ಇವನು ಇಲ್ಲ, ಸಾವಿರ ಲೋಕ ಕೊಟ್ಟರೂ ಇಲ್ಲ ಅಂತ ಉತ್ತರ ಕೊಡಬೇಕು. ಒಂದು ಸಲ ತಪ್ಪಿದರೂ ಒಪ್ಪಿಕೊಂಡ ಹಾಗಾಗಿಬಿಡುತ್ತೆ ಅನ್ನೋ ಹೆದರಿಕೆ. ಕೈಯಿಂದ, ಮೊಣಕೈಯಿಂದ ಯಾರನ್ನೋ ತಳ್ಳುವ ಹಾಗೆ ಮೈಯೆಲ್ಲ ಅಲುಗಾಡುತ್ತಿತ್ತು. ಅರ್ಧ ಊಟಕ್ಕೆ ಎದ್ದು ಪ್ರಾರ್ಥನೆಗೆ ಓಡುತ್ತಿದ್ದ.

ಸುಮಾರು ಒಂದು ವರ್ಷ. ಒಂದು ಬೆಳಗ್ಗೆ ಹಾಸಿಗೆಯಲ್ಲಿ ಮಲಗಿದ್ದಾಗ ಅದೇ ದಾಳಿ ಶುರುವಾಯ್ತು. ಉತ್ತರ ಕೊಟ್ಟು ಕೊಟ್ಟು ಉಸಿರು ಕಟ್ಟುವಷ್ಟು ಸುಸ್ತಾಗಿತ್ತು. ಆಗ, ಹೋಗೋದಾದ್ರೆ ಹೋಗಲಿ ಬಿಡು ಅನ್ನೋ ಥರದ ಒಂದು ಯೋಚನೆ ಮನಸ್ಸಿನಲ್ಲಿ ಹಾದುಹೋಯ್ತು.

ಅಷ್ಟೇ. ಬಾಯಿಂದ ಒಂದು ಅಕ್ಷರ ಹೊರಬಂದಿಲ್ಲ. ಯಾರಿಗೂ ಏನೂ ಆಗಿಲ್ಲ. ಆದರೆ ಬನ್ಯನ್ ಪಾಲಿಗೆ ಮಾರಾಟ ಮುಗಿದುಹೋಗಿತ್ತು. ಎದ್ದು ಹೊಲದ ಕಡೆ ನಡೆದ, ಗುಂಡೇಟು ಬಿದ್ದ ಹಕ್ಕಿಯ ಹಾಗೆ. ಬೈಬಲಿನಲ್ಲಿ ಏಸಾವ ಅನ್ನೋನು ಒಂದು ಹೊತ್ತಿನ ಊಟಕ್ಕೆ ಹಿರಿಮಗನ ಹಕ್ಕು ಮಾರಿ, ಆಮೇಲೆ ಅತ್ತರೂ ವಾಪಸ್ ಸಿಗಲಿಲ್ಲ ಅಂತ ಬರುತ್ತೆ. ತಾನೂ ಏಸಾವನೇ ಅಂತ ಖಚಿತವಾಯ್ತು.

ಮುಂದೆ ವರ್ಷಗಟ್ಟಲೆ ಅವನು ಮಾಡಿದ್ದು ಒಂಥರಾ ಲೆಕ್ಕಪರಿಶೋಧನೆ. ದಾವೀದ ಕೊಲೆ ಮಾಡಿಸಿದ್ದ, ವ್ಯಭಿಚಾರ ಮಾಡಿದ್ದ, ಅವನಿಗೆ ಕ್ಷಮೆ ಸಿಕ್ಕಿತು. ಪೇತ್ರ ಯಜಮಾನನನ್ನೇ ಗೊತ್ತಿಲ್ಲ ಅಂದ, ಅವನಿಗೂ ಸಿಕ್ಕಿತು. ತನ್ನ ಪಾಪ ಇವೆರಡಕ್ಕಿಂತ ದೊಡ್ಡದೋ ಚಿಕ್ಕದೋ? ಪ್ರತಿ ಸಲ ತೂಗಿದಾಗಲೂ ತನ್ನದೇ ಭಾರ. ಯೂದನ ಜೊತೆ ಹೋಲಿಸುವಾಗ ಮಾತ್ರ ಒಂದು ವ್ಯತ್ಯಾಸ ಕಂಡಿತು. ಯೂದ ಬೇಕೆಂದೇ, ಯೋಚಿಸಿ, ಸಂಚು ಮಾಡಿ ಹಿಡಿದುಕೊಟ್ಟ. ತನ್ನದು ಬೇಡ ಬೇಡ ಅಂತ ಪ್ರಾರ್ಥಿಸುತ್ತಾ ಹೋರಾಡುತ್ತಿರುವಾಗಲೇ ತಟ್ಟನೆ ಆಗಿಹೋದದ್ದು. ಇಡೀ ಕೇಸಿನ ಉತ್ತರ ಈ ಒಂದು ಸಾಲಿನಲ್ಲಿತ್ತು. ಕೊಂಚ ಸಮಾಧಾನ ಕೊಟ್ಟಿತು, ಆದರೆ ನಿಲ್ಲಲಿಲ್ಲ.

ಕೊನೆಗೆ ಧೈರ್ಯ ಮಾಡಿ ಒಬ್ಬ ಹಿರಿಯ ಭಕ್ತನ ಹತ್ರ ಎಲ್ಲವನ್ನೂ ಹೇಳಿಕೊಂಡ. ಕ್ಷಮೆ ಇಲ್ಲದ ಪಾಪ ಮಾಡಿಬಿಟ್ಟಿದ್ದೀನಿ ಅನ್ಸುತ್ತೆ ಅಂದ. ಆ ಮನುಷ್ಯ ಸ್ವಲ್ಪ ಯೋಚಿಸಿ, ಹೌದು, ನನಗೂ ಹಾಗೇ ಅನ್ಸುತ್ತೆ ಅಂದುಬಿಟ್ಟ! ಇನ್ನೂ ಸ್ವಲ್ಪ ಮಾತಾಡಿದ ಮೇಲೆ ಬನ್ಯನ್‌ಗೆ ತಿಳಿಯಿತು: ಮನುಷ್ಯ ಒಳ್ಳೆಯವನೇ, ಆದರೆ ಇಂಥ ಒಳಜಗಳದ ಪರಿಚಯವೇ ಅವನಿಗಿಲ್ಲ.

ಯೋಚನೆಗೂ ಕೃತ್ಯಕ್ಕೂ ಬಿದ್ದ ಬೆಸುಗೆ

ಬನ್ಯನ್ ಬದುಕಿದ್ದಾಗ ಒಸಿಡಿ ಅನ್ನೋ ಹೆಸರೇ ಇರಲಿಲ್ಲ. ಸತ್ತವನಿಗೆ ಇವತ್ತು ಸರ್ಟಿಫಿಕೇಟ್ ಕೊಡೋದು ಡಾಕ್ಟರುಗಳ ಕೆಲಸವೂ ಅಲ್ಲ, ನಮ್ಮದಂತೂ ಅಲ್ಲ. ಆದರೆ ಅವನು 1666ರಲ್ಲಿ ಅಚ್ಚು ಹಾಕಿಸಿದ ಗ್ರೇಸ್ ಅಬೌಂಡಿಂಗ್ ಎಂಬ ಆತ್ಮಕಥೆಯನ್ನು ಮನಶ್ಶಾಸ್ತ್ರ ಓದಿದವರು ಬಿಡಲಿಲ್ಲ. 1894ರಲ್ಲಿ ಜೋಸಾಯ ರಾಯ್ಸ್ ಎಂಬ ಅಮೆರಿಕದ ತತ್ತ್ವಜ್ಞಾನಿ ಅವನ ಮೇಲೆ ಒಂದು ದೀರ್ಘ ಲೇಖನವನ್ನೇ ಬರೆದ. 1902ರಲ್ಲಿ ವಿಲಿಯಂ ಜೇಮ್ಸ್ ಕೂಡ ತನ್ನ ಪ್ರಸಿದ್ಧ ಪುಸ್ತಕದಲ್ಲಿ ಅವನನ್ನು ಚರ್ಚಿಸಿದ.

1978ರಲ್ಲಿ ಲಂಡನ್‌ನಲ್ಲಿ ಸ್ಟ್ಯಾನ್ಲಿ ರ‍್ಯಾಕ್‌ಮನ್ ಮತ್ತು ಪದ್ಮಲ್ ಡಿ ಸಿಲ್ವ ಒಂದು ಸರಳ ಕೆಲಸ ಮಾಡಿದರು. ಯಾವ ಕಾಯಿಲೆಯೂ ಇಲ್ಲದ ಸಾಮಾನ್ಯ ಜನರನ್ನು, ನಿಮಗೆ ಬೇಡದ ಯೋಚನೆಗಳು ತಾವಾಗಿ ಬರ್ತಾವಾ ಅಂತ ಕೇಳಿದರು. ಸುಮಾರು 80% ಜನ ಹೌದು ಅಂದರು. ಯಾರನ್ನೋ ಹೊಡೆಯೋದು, ಎತ್ತರದಿಂದ ಹಾರೋದು, ಅಸಹ್ಯವಾದ ಲೈಂಗಿಕ ಚಿತ್ರಗಳು, ಎಲ್ಲವೂ ಅಲ್ಲಿದ್ದವು. ವಿಷಯ ಮಾತ್ರ ನೋಡಿದರೆ ರೋಗಿಗಳ ಯೋಚನೆ ಯಾವುದು, ಉಳಿದವರದು ಯಾವುದು ಅಂತ ಬೇರ್ಪಡಿಸೋದು ಸುಲಭವಾಗಿರಲಿಲ್ಲ. ವ್ಯತ್ಯಾಸ ಇದ್ದದ್ದು, ಎಷ್ಟು ಸಲ ಬರುತ್ತೆ, ಎಷ್ಟು ಹೊತ್ತು ಕಾಡುತ್ತೆ, ಎಷ್ಟು ನೋವು ಕೊಡುತ್ತೆ ಅನ್ನೋದರಲ್ಲಿ.

ಹಾಗಾದ್ರೆ ಕೆಲವರಲ್ಲಿ ಮಾತ್ರ ಅದು ಯಾಕೆ ಅಂಟಿಕೊಳ್ಳುತ್ತೆ? ಮಿದುಳಿನ ರಚನೆ, ವಂಶ, ಇವೂ ಕಾರಣಗಳೇ. ಅದರ ಜೊತೆಗೆ, ಯೋಚನೆಗೆ ನಾವು ಕೊಡುವ ಅರ್ಥವೂ ಒಂದು ದೊಡ್ಡ ಕಾರಣ ಅಂತ ರ‍್ಯಾಕ್‌ಮನ್ ಮುಂತಾದವರು ಹೇಳಿದರು. 1996ರಲ್ಲಿ ಅವರು ಎರಡು ನಂಬಿಕೆಗಳನ್ನು ಗುರುತಿಸಿದರು. ಒಂದು, ಕೆಟ್ಟದ್ದು ಯೋಚಿಸೋದು ನೀತಿಯ ದೃಷ್ಟಿಯಲ್ಲಿ ಕೆಟ್ಟದ್ದು ಮಾಡಿದಷ್ಟೇ ತಪ್ಪು ಅನ್ನೋದು. ಇನ್ನೊಂದು, ಯೋಚಿಸಿದರೆ ಅದು ನಿಜವಾಗಿ ನಡೆದುಬಿಡುವ ಸಾಧ್ಯತೆ ಹೆಚ್ಚುತ್ತೆ ಅನ್ನೋದು. ಯೋಚನೆಗೂ ಕೃತ್ಯಕ್ಕೂ ಬೆಸುಗೆ ಬಿದ್ದ ಹಾಗೆ. ಪಾತ್ರೆ ಬೆಸೆಯುವವನ ತಲೆಯಲ್ಲೇ ಇಂಥ ಬೆಸುಗೆ ಬಿದ್ದಿತ್ತು ನೋಡಿ.

ಈ ಬೆಸುಗೆ ಬಿದ್ದ ಮೇಲೆ ಏನಾಗುತ್ತೆ ಅನ್ನೋದು ನಮಗೆ ಸುಲಭವಾಗಿ ಅರ್ಥವಾಗಬೇಕು. ಫೆಸ್ಟ್‌ನಲ್ಲಿ ಮೈಕ್ ಹಿಡ್ಕೊಂಡು ಸ್ಪೀಕರ್ ಮುಂದೆ ಹೋದ್ರೆ ಕುಂಯ್ ಅಂತ ಕಿರುಚುತ್ತಲ್ಲ, ಅದೇ. ಮೊದಲ ಸದ್ದು ಚಿಕ್ಕದೇ. ಸ್ಪೀಕರ್‌ನಿಂದ ಬಂದದ್ದು ಮತ್ತೆ ಮೈಕ್‌ಗೆ ಹೋಗಿ, ದೊಡ್ಡದಾಗಿ ಬಂದು, ಮತ್ತೆ ಹೋಗಿ, ಹಾಲ್ ಪೂರ್ತಿ ಕಿವಿ ಮುಚ್ಚಿಕೊಳ್ಳುತ್ತೆ. ಇಲ್ಲಿ ಯೋಚನೆ ಬರುತ್ತೆ. ನಾನು ಪಾಪಿ ಅನ್ನೋ ಭಯ ಹುಟ್ಟುತ್ತೆ. ಭಯಕ್ಕೆ ಉತ್ತರವಾಗಿ ಪ್ರಾರ್ಥನೆ, ವಾದ, ತಪಾಸಣೆ, ಯಾರನ್ನಾದ್ರೂ ಕೇಳಿ ಸಮಾಧಾನ ಪಡೆಯೋದು. ಇದು ಇಷ್ಟೊಂದು ಹೋರಾಟಕ್ಕೆ ಯೋಗ್ಯವಾದ ವಿಷಯ ಅಂತ ಮನಸ್ಸು ಕಲಿಯುತ್ತೆ, ಮತ್ತೆ ಮತ್ತೆ ಎತ್ತಿ ತೋರಿಸುತ್ತೆ. 1987ರಲ್ಲಿ ಡೇನಿಯಲ್ ವೆಗ್ನರ್ ಎಂಬ ಮನಶ್ಶಾಸ್ತ್ರಜ್ಞ ವಿದ್ಯಾರ್ಥಿಗಳಿಗೆ ಬಿಳಿ ಕರಡಿಯನ್ನು ಮಾತ್ರ ನೆನೆಸಬೇಡಿ ಅಂದಿದ್ದ. ಅವರಿಗೆ ಕರಡಿ ಬರೋದು ನಿಲ್ಲಲೇ ಇಲ್ಲ. ಬನ್ಯನ್ ಸಾವಿರ ಲೋಕ ಕೊಟ್ಟರೂ ಇಲ್ಲ ಅಂತ ಪ್ರತಿ ಸಲ ಉತ್ತರ ಕೊಟ್ಟದ್ದೇ ಸದ್ದನ್ನು ಏರಿಸುತ್ತಿತ್ತು ಅಂತ ಈಗ ನೋಡಿದರೆ ಅನ್ಸುತ್ತೆ.

ಇನ್ನೊಂದು ಮಾತು ಮುಖ್ಯ. ಇಂಥ ಯೋಚನೆ ಮನುಷ್ಯನಿಗೆ ಯಾವುದು ಅತ್ಯಂತ ಪ್ರಿಯವೋ ಅಲ್ಲೇ ಬಂದು ಕಚ್ಚುತ್ತೆ. ದೇವರನ್ನು ಲೆಕ್ಕಕ್ಕೇ ಇಡದವನಿಗೆ ದೇವನಿಂದೆಯ ಯೋಚನೆ ಬಂದರೂ ನಿದ್ದೆ ಕೆಡೋದಿಲ್ಲ. ಹೊಸ ತಾಯಿಗೆ ಮಗುವಿನ ಮೇಲೆ ಬರುತ್ತೆ, ಭಕ್ತನಿಗೆ ದೇವರ ಮೇಲೆ ಬರುತ್ತೆ. ಆ ಯೋಚನೆಗೆ ನಡುಗಿದ್ದೇ ಅದು ಅವರ ಆಸೆ ಅಲ್ಲ ಅನ್ನೋದಕ್ಕೆ ಗುರುತು. ಒಂದು ಯೋಚನೆ ಇಷ್ಟವಾಗಿ, ಅದನ್ನು ಹೇಗೆ ಮಾಡೋದು ಅಂತ ಪ್ಲಾನ್ ಹಾಕೋದು ಬೇರೆಯೇ ವಿಷಯ.

ಹಾರಿಬಿಡ್ತೀನಿ

ಬನ್ಯನ್ ಹೊರಬಂದದ್ದು ಒಂದೇ ದಿನದಲ್ಲಿ ಅಲ್ಲ. ಒಂದು ದಿನ ಹೊಲದ ದಾರಿಯಲ್ಲಿ ನಡೆಯುವಾಗ ಅವನಿಗೆ ಒಂದು ವಿಷಯ ಹೊಳೆಯಿತು. ದೇವರ ಮುಂದೆ ತನ್ನನ್ನು ನಿಲ್ಲಿಸುವ ನೀತಿ ಸ್ವರ್ಗದಲ್ಲಿದೆ, ಕ್ರಿಸ್ತನಲ್ಲಿದೆ. ಮನಸ್ಸು ಇವತ್ತು ಚೆನ್ನಾಗಿದ್ರೆ ಅದು ಜಾಸ್ತಿಯಾಗೋದಿಲ್ಲ, ನಾಳೆ ಕೆಟ್ಟರೆ ಕಮ್ಮಿಯಾಗೋದಿಲ್ಲ. ಕಾಲಿನ ಸಂಕೋಲೆ ಕಳಚಿ ಬಿದ್ದ ಹಾಗಾಯ್ತಂತೆ. ಇದು ಅವನ ಧರ್ಮದ ಭಾಷೆ. ಬೇರೆ ಭಾಷೆಯಲ್ಲಿ ಹೇಳಿದರೆ, ತನ್ನ ಬೆಲೆಯನ್ನು ಆ ಕ್ಷಣದ ಯೋಚನೆಗಳಿಂದ ಅಳೆಯೋದನ್ನು ಅವನು ನಿಲ್ಲಿಸಿದ.

ಯೋಚನೆಗಳು ನಿಂತವಾ? ಇಲ್ಲ. ಸಭೆಗೆ ಸೇರಿ ಪ್ರಭುಭೋಜನಕ್ಕೆ ಕೂತಾಗ, ಜೊತೆಗೆ ಕೂತವರಿಗೇ ಕೇಡು ಬಯಸುವ ಯೋಚನೆಗಳು ಒಂಬತ್ತು ತಿಂಗಳು ಕಾಡಿದವು. ಆಮೇಲೆ ಅವನು ಬೋಧಕನಾದ, ಜನ ದೂರದಿಂದ ಕೇಳೋಕೆ ಬರತೊಡಗಿದರು. ಆಗಲೂ ಪೀಠದ ಮೇಲೆ ನಿಂತು ಮಾತಾಡುವಾಗಲೇ, ಎಲ್ಲರೆದುರು ದೇವನಿಂದೆ ಆಡಿಬಿಡು ಅನ್ನೋ ಒತ್ತಡ ಬರುತ್ತಿತ್ತು ಅಂತ ಮುಚ್ಚುಮರೆ ಇಲ್ಲದೆ ಬರೆದಿದ್ದಾನೆ. ವ್ಯತ್ಯಾಸ ಏನಪ್ಪಾ ಅಂದ್ರೆ, ಈಗ ಅವನು ಪೀಠ ಬಿಟ್ಟು ಓಡಲಿಲ್ಲ. ಬೋಧನೆ ಮುಂದುವರಿಸಿದ.

1658ರಲ್ಲಿ ಹೆಂಡತಿ ತೀರಿಕೊಂಡಳು, ನಾಲ್ಕು ಮಕ್ಕಳು. ಮರುವರ್ಷ ಎಲಿಜಬೆತ್ ಎಂಬಾಕೆಯನ್ನು ಮದುವೆಯಾದ. 1660ರಲ್ಲಿ ರಾಜಪ್ರಭುತ್ವ ವಾಪಸ್ ಬಂತು. ಅಧಿಕೃತ ಚರ್ಚಿನ ಹೊರಗೆ ಬೋಧನೆ ಮಾಡೋದು ಅಪರಾಧವಾಯ್ತು. ನವೆಂಬರ್ 12ರಂದು ಒಂದು ಹಳ್ಳಿಯ ಸಭೆಯಲ್ಲಿ ಬನ್ಯನ್‌ನನ್ನು ಹಿಡಿದರು. ಗರ್ಭಿಣಿಯಾಗಿದ್ದ ಎಲಿಜಬೆತ್‌ಗೆ ಆ ಆಘಾತಕ್ಕೆ ಮಗು ಉಳಿಯಲಿಲ್ಲ. ಮುಂದಿನ ವರ್ಷ ಆಕೆ ಬೆಡ್‌ಫರ್ಡ್‌ನ ಸ್ವಾನ್ ಇನ್‌ನಲ್ಲಿ ನ್ಯಾಯಾಧೀಶರ ಎದುರು ನಿಂತು ಗಂಡನ ಪರವಾಗಿ ವಾದ ಮಾಡಿದಳು. ಫಲ ಸಿಗಲಿಲ್ಲ.

ಬೋಧನೆ ಮಾಡಲ್ಲ ಅಂತ ಒಂದು ಮಾತು ಕೊಟ್ಟಿದ್ರೆ ಬಿಡುಗಡೆಯಾಗುತ್ತಿತ್ತು. ಕೊಡಲಿಲ್ಲ. 12 ವರ್ಷ ಜೈಲು. ಉದ್ದನೆಯ ಲೇಸುಗಳ ತುದಿಗೆ ಲೋಹದ ಮೊನೆ ಕೂರಿಸಿ ಮಾರಿ ಮನೆಗೆ ದುಡ್ಡು ಕಳಿಸುತ್ತಿದ್ದ. ಕುರುಡು ಮಗಳು ಮೇರಿಯನ್ನು ನೆನೆದಾಗ ಮೂಳೆಯಿಂದ ಮಾಂಸ ಕಿತ್ತ ಹಾಗಾಗುತ್ತಿತ್ತು. ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಹಾಸಿಗೆಯಲ್ಲಿ ಹಾದುಹೋದ ಒಂದು ಯೋಚನೆಯಿಂದ ತಾನು ಕ್ರಿಸ್ತನನ್ನು ಮಾರಿದೆ ಅಂತ ವರ್ಷಗಟ್ಟಲೆ ಅತ್ತವನು ಇವನು. ನಿಜವಾಗಿ ಮಾರುವ ಅವಕಾಶ ಬಂದಾಗ, ಬೆಲೆಯಾಗಿ ಮನೆ ಮಕ್ಕಳನ್ನೇ ಎದುರಿಗೆ ಇಟ್ಟಾಗ, ಮಾರಲಿಲ್ಲ. ಅವನು ಎಂಥವನು ಅನ್ನೋದನ್ನು ಆ ಬೆಳಗ್ಗೆ ಹೇಳಲಿಲ್ಲ, ಈ 12 ವರ್ಷ ಹೇಳಿತು.

ಜೈಲಿನ ಮೊದಲ ದಿನಗಳಲ್ಲಿ ಗಲ್ಲಿಗೆ ಹಾಕಬಹುದು ಅನ್ನೋ ಭಯ ಇತ್ತು. ಏಣಿ ಮೇಲೆ ನಿಂತಾಗ ಕಾಲು ನಡುಗಿ ಮುಖ ಬಿಳಿಚಿಕೊಂಡ್ರೆ? ಆ ಕ್ಷಣಕ್ಕೆ ದೇವರ ಸಾಂತ್ವನ ಸಿಗದೇ ಹೋದ್ರೆ? ಹಳೆಯ ಬನ್ಯನ್ ಆಗಿದ್ರೆ ಇದಕ್ಕೂ ಗ್ಯಾರಂಟಿ ಹುಡುಕುತ್ತಾ ವರ್ಷ ಕಳೀತಿದ್ದ. ಈ ಸಲ ಬೇರೆ ತೀರ್ಮಾನಕ್ಕೆ ಬಂದ. ಸಾಂತ್ವನ ಸಿಗಲಿ ಬಿಡಲಿ, ಸ್ವರ್ಗವೋ ನರಕವೋ, ಕಣ್ಣು ಮುಚ್ಚಿ ಏಣಿಯಿಂದ ಹಾರಿಬಿಡ್ತೀನಿ, ಹಿಡಿಯೋದಾದ್ರೆ ದೇವರು ಹಿಡಿಯಲಿ ಅಂದುಕೊಂಡ. ಗಂಟೆ ಬಿದ್ರೆ ಅಂತ ಬಾಗಿಲಿಂದ ಓಡಿದ್ದ ಹುಡುಗ, ಖಾತ್ರಿ ಇಲ್ಲದೆಯೂ ನಿಲ್ಲೋದನ್ನು ಕಲಿತಿದ್ದ.

ಕಣಿವೆಯ ಪಿಸುಮಾತು

1672ರಲ್ಲಿ ಬಿಡುಗಡೆಯಾಯ್ತು. 1678ರಲ್ಲಿ ಪಿಲ್‌ಗ್ರಿಮ್ಸ್ ಪ್ರೋಗ್ರೆಸ್ ಬಂತು. ಬೆನ್ನ ಮೇಲೆ ಹೊರೆ ಹೊತ್ತ ಒಬ್ಬ ಮನುಷ್ಯ ತನ್ನ ಊರು ಬಿಟ್ಟು ದೇವರ ನಗರಕ್ಕೆ ನಡೆದು ಹೋಗುವ ಕಥೆ. ದಾರಿಯಲ್ಲಿ ಸಾವಿನ ನೆರಳಿನ ಕಣಿವೆ ಬರುತ್ತೆ. ಕತ್ತಲಲ್ಲಿ ಒಂದು ದುಷ್ಟ ಜೀವಿ ಮೆಲ್ಲಗೆ ಅವನ ಬೆನ್ನ ಹಿಂದೆ ಬಂದು ಕಿವಿಯಲ್ಲಿ ದೇವನಿಂದೆಯ ಮಾತುಗಳನ್ನು ಪಿಸುಗುಟ್ಟುತ್ತೆ. ಪಾಪ, ಯಾತ್ರಿಕ ಅವು ತನ್ನ ಮನಸ್ಸಿನಿಂದಲೇ ಬಂದವು ಅಂದ್ಕೊಂಡು ಕುಗ್ಗಿಹೋಗ್ತಾನೆ. ಎಲ್ಲಿಂದ ಬಂತು ಅಂತ ಗೊತ್ತಾಗಲಿಲ್ಲ ಅವನಿಗೆ. ಆದರೂ ನಡೆಯುತ್ತಾನೆ. ಬೆಳಗಾಗುತ್ತೆ.

ಆ ಒಂದು ಪ್ಯಾರಾ ಬರೆಯೋಕೆ ಬನ್ಯನ್ ತನ್ನ ಯೌವನವನ್ನೇ ಖರ್ಚು ಮಾಡಿದ್ದ. ತಾನು ಓದಿದ ಲೂಥರನ ಪುಸ್ತಕ ತನಗೆ ಮಾಡಿದ್ದನ್ನು, ಅವನ ಪುಸ್ತಕ ಮುಂದಿನವರಿಗೆ ಮಾಡಿತು.

1688ರ ಆಗಸ್ಟ್. ಜಗಳವಾಡಿಕೊಂಡ ಒಬ್ಬ ಅಪ್ಪ ಮಗನನ್ನು ಒಂದುಮಾಡೋಕೆ ಅಂತ ರೆಡಿಂಗ್ ಪಟ್ಟಣಕ್ಕೆ ಹೋಗಿದ್ದ. ಕೆಲಸ ಆಯ್ತು. ಅಲ್ಲಿಂದ ಲಂಡನ್‌ಗೆ ಕುದುರೆ ಮೇಲೆ ಬರುವಾಗ ಜೋರು ಮಳೆಗೆ ನೆಂದು ಜ್ವರ ಬಂತು. ಆಗಸ್ಟ್ 31ರಂದು ತೀರಿಕೊಂಡ. ವಯಸ್ಸು 59. ಸಮಾಧಿ ಲಂಡನ್‌ನ ಬನ್‌ಹಿಲ್ ಫೀಲ್ಡ್ಸ್‌ನಲ್ಲಿದೆ.

ಬನ್ಯನ್‌ಗೆ ಇದ್ದದ್ದು ನಂಬಿಕೆ, ಹಠ, ಮತ್ತೆ ಒಂದು ಹರಿದ ಪುಸ್ತಕ. ನಮಗೆ ಇನ್ನೂ ಸ್ವಲ್ಪ ಜಾಸ್ತಿ ಇದೆ. 1966ರಲ್ಲಿ ಲಂಡನ್‌ನಲ್ಲಿ ವಿಕ್ಟರ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞ ತೋರಿಸಿಕೊಟ್ಟ ಚಿಕಿತ್ಸೆ ಬೆಳೆದು ಬಂದಿದೆ. ಹೆದರಿಕೆ ತರುವ ಯೋಚನೆಯ ಎದುರು ಸ್ವಲ್ಪ ಸ್ವಲ್ಪವಾಗಿ ನಿಲ್ಲೋದು, ಆದರೆ ಅದಕ್ಕೆ ಉತ್ತರ ಕೊಡುವ ಆಚರಣೆಯನ್ನು ಮಾಡದೇ ಇರೋದು, ಅದರ ತಿರುಳು ಇಷ್ಟೇ. ಔಷಧಿಗಳೂ ಇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಅಂತ ಪ್ರತ್ಯೇಕ ಕ್ಲಿನಿಕ್ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದ್ರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ನಾಳೆ ನಿಮ್ಮ ರೂಮ್‌ಮೇಟ್ ರಾತ್ರಿ ಲೈಟ್ ಆರಿದ ಮೇಲೆ, ಮಗಾ, ನಂಗೆ ಏನೇನೋ ಕೆಟ್ಟ ಯೋಚನೆ ಬರುತ್ತೆ ಕಣೋ ಅಂತ ಶುರು ಮಾಡಿದರೆ, ಆ ಹಿರಿಯ ಭಕ್ತನ ಥರ ತೀರ್ಪು ಕೊಡಬೇಡಿ. ನಗಬೇಡಿ. ಅಂಥದ್ದು ನನಗೂ ಬರುತ್ತೆ ಅಂತ ಹೇಳಿ, ಯಾಕಂದ್ರೆ ಅದು ನಿಜ. ಆಮೇಲೆ ಬೆಳಗ್ಗೆ ಅವನ ಜೊತೆ ಕೌನ್ಸೆಲರ್ ಹತ್ರ ಹೋಗಿ.